ಹಳ್ಳದಾಚೆಯ ಹುಂಜ

ಆ ವರ್ಷದ ಬೇಸಿಗೆಯಲ್ಲಿ ತಾಂಬಾ ಊರಿನಲ್ಲಿ ಹುಂಜದ ಕೂಗು ನಿಂತುಹೋಯಿತು. ಮಸೀದಿಯ ಬಾಂಗು ಕೇಳುತ್ತಿತ್ತು, ಗುಡಿಯ ಗಂಟೆ ಕೇಳುತ್ತಿತ್ತು, ಹೊಲಕ್ಕೆ ಹೊರಟ ಎತ್ತುಗಳ ಗೆಜ್ಜೆ ಕೇಳುತ್ತಿತ್ತು. ಅವೆಲ್ಲಕ್ಕಿಂತ ಮುಂಚೆ ಓಣಿಯಿಂದ ಓಣಿಗೆ ಹಾಯುತ್ತಿದ್ದ ಆ ಕೂಗು ಮಾತ್ರ ಇಲ್ಲ. ಮುದುಕರು ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು, ಬೆಳಗಾಯಿತೋ ಇಲ್ಲವೋ ಎಂದು ಮಾಳಿಗೆಯ ಬೆಳಕಿಂಡಿ ನೋಡುತ್ತ ಮಲಗಿರುತ್ತಿದ್ದರು.

ಕೂಗು ನಿಲ್ಲಿಸಿದವನು ಅಬಿದಾಳ ಗಂಡ ಬಂದೇನವಾಜ. ಅವನೇನು ಕೆಟ್ಟವನಲ್ಲ. ಹಳ್ಳದ ದಂಡೆಗೆ ತುಂಡು ಹೊಲ, ಊರಿನ ನಡುವೆ ಮಣ್ಣಿನ ಮನೆ, ಒಬ್ಬಳು ಹೆಂಡತಿ, ಒಬ್ಬಳು ಸಣ್ಣ ಮಗಳು. ಇಷ್ಟು ಬಿಟ್ಟರೆ ಅವನಿಗೆ ಊರಿನಲ್ಲಿ ಹೇಳಿಕೊಳ್ಳುವಂಥದ್ದು ಇನ್ನೇನೂ ಇರಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ನಾಕು ಮಂದಿ ಕೂತಾಗ ಅವನು ಕೆಳಗೆ ನಿಂತೇ ಮಾತು ಕೇಳಬೇಕು. ಬಾ, ಕೂಡು ಎಂದವರಿಲ್ಲ. ಹೀಗಿರುವಾಗ ಇಂಡಿ ತಾಲೂಕಿನ ಬ್ಲಾಕ್ ಕಚೇರಿಯಿಂದ ಗ್ರಾಮಸೇವಕ ರಾವಸಾಬ ಸೈಕಲ್ ಏರಿ ಬಂದ. ಸರ್ಕಾರದಿಂದ ಬಿಳಿ ಕೋಳಿ ಬರುತ್ತವೆ, ಬೇರೆ ದೇಶದ ತಳಿ, ವರ್ಷವಿಡೀ ತತ್ತಿ ಇಡುತ್ತವೆ, ಊರಿಗೊಂದು ಮನೆಯಲ್ಲಿ ತಂತಿ ಜಾಳಿಗೆಯ ಶೆಡ್ಡು ಹಾಕಿಕೊಡುತ್ತೇವೆ, ಯಾರು ತೊಗೋತೀರಿ ಎಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಕೆಳಗೆ ನಿಂತಿದ್ದ ಬಂದೇನವಾಜ ಕೈ ಎತ್ತಿದ. ಅವತ್ತು ರಾವಸಾಬ ಅವನ ಹೆಗಲ ಮೇಲೆ ಕೈ ಹಾಕಿ ಕಟ್ಟೆಯ ಮೇಲೆ ಕೂಡಿಸಿದ.

ಅದಕ್ಕೊಂದು ಷರತ್ತಿತ್ತು. ಬಿಳಿ ಮರಿಗಳು ಶೆಡ್ಡಿನಲ್ಲಿ ಬೆಳೆದು ದೊಡ್ಡವಾದ ಮೇಲೆ ಅವುಗಳಲ್ಲಿಯ ಹುಂಜಗಳನ್ನು ಮನೆಮನೆಗೆ ಹಂಚಬೇಕು. ಅವುಗಳಿಂದ ಊರ ಕೋಳಿಗಳ ಸಂತಾನ ಸುಧಾರಿಸಬೇಕು. ಹಾಗಾಗಬೇಕೆಂದರೆ ಅದಕ್ಕೆ ಮೊದಲು ಊರೊಳಗೆ ಒಂದೇ ಒಂದು ಜವಾರಿ ಹುಂಜವೂ ಉಳಿಯಬಾರದು.

"ಮೊದಲ ನಮ್ಮ ಮನಿದು ಹೋಗಬೇಕು," ಎಂದು ಬಂದೇನವಾಜ ಹೆಂಡತಿಗೆ ಹೇಳಿದ. "ಇಲ್ಲಂದ್ರ ಮಂದಿಗೆ ಯಾವ ಬಾಯಿಲೆ ಕೇಳ್ಲಿ?"

ಅಬಿದಾ ಅಂಗಳದ ಕಡೆ ನೋಡಿದಳು. ಅವಳ ಕೋಳಿಗಳು ಊರಿನ ಉಳಿದ ಕೋಳಿಗಳಂಥವಲ್ಲ. ಕೊರಳಲ್ಲಿ ಒಂದೂ ಪುಕ್ಕವಿಲ್ಲದೆ ಕೆಂಪು ತೊಗಲು ಕಾಣುವ ಬೋಳಕೊರಳಿನ ಜಾತಿ. ಓಣಿಯವರು "ನಿಮ್ಮ ಕೋಳಿ ಹದ್ದಿನ ಮನಿಗೆ ಹೋಗಿ ಬಂದಾವೇನು?" ಎಂದು ನಗುತ್ತಿದ್ದರು. ಮದುವೆಯಾಗಿ ಝಳಕಿಯಿಂದ ಬರುವಾಗ ಅವಳ ತಾಯಿ ಸುಲ್ತಾನಬಿ ಬಂಡಿಯಲ್ಲಿ ಬುಟ್ಟಿ ಇಟ್ಟು ಕಳಿಸಿದ್ದ ಕೋಳಿಗಳ ಸಂತಾನ ಅದು. ವೈಶಾಖದ ಬಿಸಿಲಿಗೆ ಬೇರೆ ಕೋಳಿಗಳು ಬಾಯಿ ಬಿಟ್ಟು ನೆರಳಲ್ಲಿ ಬಿದ್ದಿದ್ದರೆ ಇವು ತಿಪ್ಪೆ ಕೆದರುತ್ತಿದ್ದವು. ಕಾವಿಗೆ ಕೂತರೆ ತತ್ತಿ ಬಿಟ್ಟು ಏಳುತ್ತಿರಲಿಲ್ಲ. ಮರಿಯ ಮೇಲೆ ಹದ್ದು ಎರಗಿದರೆ ಮುಖಕ್ಕೇ ಹಾರುತ್ತಿದ್ದವು. ತಾಯಿ ತೀರಿಕೊಂಡ ಮೇಲೆ ಅವುಗಳಿಗೆ ಕಾಳು ಹಾಕುವಾಗಲೆಲ್ಲ ಅಬಿದಾಳಿಗೆ ಝಳಕಿಯ ಅಂಗಳ ಕಣ್ಣ ಮುಂದೆ ಬರುತ್ತಿತ್ತು.

ಬಂದೇನವಾಜ ಎರಡು ದೊಡ್ಡ ಹುಂಜ ಕೊಯ್ಯಿಸಿ, ಕಟ್ಟೆಯವರನ್ನೆಲ್ಲ ಕರೆದು ಊಟಕ್ಕೆ ಹಾಕಿದ. ಆಮೇಲೆ ಮನೆಮನೆಗೆ ಹೋಗಿ ಕೈ ಜೋಡಿಸಿ ಕೇಳಿದ. ಪರಪ್ಪ ಎಂಬ ರೈತನ ಹತ್ತಿರ ಊರಿಗೇ ಹೆಸರಾದ ಒಂದು ಕೆಂಪು ಹುಂಜವಿತ್ತು. ಅವನು ಬಹಳ ಸತಾಯಿಸಿ, ಕೊನೆಗೆ ಕೊಟ್ಟ.

ಅಬಿದಾಳ ಹಿಂಡಿನಲ್ಲಿ ಇನ್ನೂ ಕೂಗಲು ಕಲಿಯದ ಒಂದು ಎಳೆ ಹುಂಜವಿತ್ತು. ಗಂಡ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ ಅದನ್ನೂ ಎರಡು ಹೇಂಟೆಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡು ಅವಳು ಹಳ್ಳ ದಾಟಿದಳು. ಆಚೆ ಶೆಟ್ಟೆವ್ವನ ಮನೆ. ಶೆಟ್ಟೆವ್ವ, ಅವಳ ಗಂಡ ಭೀಮಶ್ಯಾ ಮತ್ತು ಆ ಕೇರಿಯವರೆಲ್ಲ ಕೆಲವು ವರ್ಷಗಳ ಹಿಂದೆ ಬುದ್ಧನ ದೀಕ್ಷೆ ತೆಗೆದುಕೊಂಡವರು. ಜೋಳದ ಕಳೆ ತೆಗೆಯುವ ಸಾಲಿನಲ್ಲಿ ಇಬ್ಬರೂ ಹೆಂಗಸರು ಅಕ್ಕಪಕ್ಕ ಕೂತು ಬೆಳೆದ ಗೆಳೆತನ. ಅಬಿದಾ ಆ ಮನೆಯ ನೀರು ಕುಡಿಯುತ್ತಾಳೆ ಎಂದು ಊರವರು ಆಡಿಕೊಂಡು ಸುಮ್ಮನಾಗಿದ್ದರು.

"ಹೇಂಟಿ ನಂದ ಅಂತ ಹೇಳ್ತೇನಿ, ಯಾರೂ ಕೇಳಂಗಿಲ್ಲ," ಎಂದಳು ಶೆಟ್ಟೆವ್ವ. "ಆದ್ರ ಈ ಹುಂಜ? ಇವತ್ತ ಸುಮ್ಮನ ಐತಿ. ನಾಳಿ ಕೂಗಿದ್ರ?"

"ನಾಳಿದು ನಾಳಿ ನೋಡೂಣು," ಎಂದಳು ಅಬಿದಾ.

ಆ ನಾಳೆ ಬೇಗನೆ ಬಂತು. ಹುಂಜ ಒಂದು ನಸುಕಿನಲ್ಲಿ ಒಡೆದ ಕೊಳಲಿನಂಥ ದನಿ ತೆಗೆಯಿತು. ಶೆಟ್ಟೆವ್ವ ಓಡಿ ಹೋಗಿ ಅದರ ಮೇಲೆ ಒಂದು ತಗ್ಗು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕಲ್ಲು ಹೇರಿದಳು. ಹುಂಜ ಕೂಗಬೇಕಾದರೆ ಕೊರಳು ನೀಳ ಮಾಡಿ ಮೇಲೆತ್ತಬೇಕು. ಎತ್ತಲು ಜಾಗವಿಲ್ಲದಿದ್ದರೆ ಕೂಗು ಹೊರಡುವುದಿಲ್ಲ. ಅವತ್ತಿನಿಂದ ಅದು ಹಗಲೂ ಇರುಳೂ ಬುಟ್ಟಿಯಡಿಯಲ್ಲೇ ಉಳಿಯಿತು. ಮಧ್ಯಾಹ್ನ ಊರು ಮಲಗಿದಾಗ ಮಾತ್ರ ಅಬಿದಾ ಹೋಗಿ, ಬಾಗಿಲು ಹಾಕಿಕೊಂಡು, ಅದನ್ನು ಹೊರಗೆ ಬಿಟ್ಟು ಹೇಂಟೆಗಳ ಜೊತೆ ಕೂಡಿಸುತ್ತಿದ್ದಳು. ಬುಟ್ಟಿಯ ಬಿದಿರಿಗೆ ತಿಕ್ಕಿ ತಿಕ್ಕಿ ಅದರ ಬೆನ್ನಿನ ಪುಕ್ಕ ಉದುರಿತ್ತು. ಹೊರಗೆ ಬಿಟ್ಟರೂ ಕೆಲಹೊತ್ತು ಅದು ಕುಗ್ಗಿಕೊಂಡೇ ನಿಂತಿರುತ್ತಿತ್ತು. ತಾನು ಇದನ್ನು ಉಳಿಸುತ್ತಿದ್ದೇನೆಯೋ ಕೊಲ್ಲುತ್ತಿದ್ದೇನೆಯೋ ಎಂದು ಅಬಿದಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅವಳ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ ಆಗಿತ್ತು. ಬಿಳಿ ಮರಿಗಳು ಅಂಗಳ ತುಂಬ ಬಂದು ಇಳಿದಿದ್ದವು. ಶೆಡ್ಡು ಬಂದೇನವಾಜನದೆಂದು ಹೆಸರು, ಕೆಲಸವೆಲ್ಲ ಅಬಿದಾಳದು. ಅವು ತಾವಾಗಿ ಮೇಯಲಾರವು, ನೆರಳು ಹುಡುಕಲಾರವು. ಹೊತ್ತುಹೊತ್ತಿಗೆ ನೀರು ತುಂಬಿಸಬೇಕು, ನುಚ್ಚು ಹಿಂಡಿ ಕಲಸಿ ಇಡಬೇಕು, ನೆಲದ ಹೊಟ್ಟು ಬದಲಿಸಬೇಕು, ಸುಣ್ಣ ಹಚ್ಚಬೇಕು. ಬಿಸಿಲು ಏರಿದರೆ ಗೋಣಿತಟ್ಟು ತೋಯಿಸಿ ಜಾಳಿಗೆಗೆ ಕಟ್ಟಬೇಕು. ಒಂದು ಹೊತ್ತು ತಪ್ಪಿದರೆ ಸಾಲಾಗಿ ಬಿದ್ದು ಸಾಯುತ್ತಿದ್ದವು. ಅವುಗಳ ಮೇಲೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ತಾವಾಗಿ ಬಂದವಲ್ಲ, ಯಾರೋ ತಂದು ಬಿಟ್ಟವು. ಆದರೆ ಅವು ಬಂದ ಮೇಲೆ ಅವಳು ಕಳೆಗೂ ಹೋಗಲಿಲ್ಲ, ಸಂತೆಗೂ ಹೋಗಲಿಲ್ಲ.

ಝಳಕಿಯಿಂದ ಅವಳ ಅಣ್ಣ ಖಾಜಾಸಾಬ ತಂಗಿ ಸಾಬೀರಾಳ ಮದುವೆಗೆ ಕರೆಯಲು ಬಂದ. ಹೆದ್ದಾರಿಯ ಬದಿಗೆ ಅವನದೊಂದು ಚಹಾದ ಅಂಗಡಿ. ಊಟಕ್ಕೆ ಕೂತವನ ತಾಟಿಗೆ ರೊಟ್ಟಿ ಹಾಕುತ್ತ ಅಬಿದಾ ಕೇಳಿದಳು:

"ಅಣ್ಣಾ, ಅವ್ವನ ಕೋಳಿ ಹ್ಯಾಂಗ ಅದಾವ? ಬರೂಮುಂದ ಒಂದ ಬೋಳಕೊರಳ ಹುಂಜ ತರಬೇಕಾಗಿತ್ತಲ್ಲ."

ಖಾಜಾಸಾಬ ತಲೆ ಎತ್ತಲಿಲ್ಲ. "ಎಲ್ಲಿ ಕೋಳಿ? ಅವ್ವ ಹೋದ ಮ್ಯಾಲ ಯಾರ ನೋಡಬೇಕು? ಲಾರಿ ಮಂದಿ ಕೋಳಿ ಐತೇನು ಅಂತ ದಿನಾ ಕೇಳತಿದ್ರು. ಒಂದೊಂದ ಮಾಡಿ ಅಂಗಡ್ಯಾಗ ಹೋದ್ವು."

"ಒಂದೂ ಇಲ್ಲ?"

"ಮಗ್ಗಲ ಮನ್ಯಾಗೂ ಇಲ್ಲ. ಆ ಕಡೆನೂ ಬಿಳೇವ ಬಂದಾವ."

ಅಬಿದಾ ರೊಟ್ಟಿಯ ಬುಟ್ಟಿ ಹಿಡಿದು ಹಾಗೆಯೇ ನಿಂತಳು. ಅದುವರೆಗೆ ಅವಳ ಮನಸ್ಸಿನಲ್ಲಿ ಒಂದು ಧೈರ್ಯವಿತ್ತು. ಇಲ್ಲಿಯದು ಸಿಕ್ಕಿಬಿದ್ದು ಹೋದರೂ ಝಳಕಿಯಲ್ಲಿ ಇವೆ, ಎಂದಾದರೂ ಹೋಗಿ ತರಬಹುದು ಎಂದು. ಈಗ ತಾಯಿ ಸಾಕಿದ ಸಂತಾನವನ್ನು ಮುಂದುವರಿಸಬಲ್ಲದ್ದೆಂದರೆ ಹಳ್ಳದಾಚೆ ಬುಟ್ಟಿಯಡಿ ಕೂತ ಆ ಒಂದೇ ಹುಂಜ.

ಮದುವೆಗೆ ಅವಳು ಹೋಗಲಿಲ್ಲ. "ಇಬ್ಬರೂ ಹೋದ್ರ ಇವುಕ್ಕ ನೀರ ಹಾಕಾವ್ರ ಯಾರು? ನನಗ ಆ ತಟ್ಟ ಕಟ್ಟೂದೂ ತಿಳಿಯಂಗಿಲ್ಲ," ಎಂದ ಬಂದೇನವಾಜ. ಸುಳ್ಳಲ್ಲ ಅದು. ಅವನು ಮಗಳನ್ನು ಕರೆದುಕೊಂಡು ಹೋಗಿ, ಸಾಬೀರಾ ಅಳುತ್ತಿದ್ದಳೆಂದೂ ಅಕ್ಕ ಎಲ್ಲಿ ಎಂದು ಕೇಳಿದಳೆಂದೂ ಬಂದು ಹೇಳಿದ. ಅಬಿದಾ ಕೇಳಿಸಿಕೊಂಡು ನುಚ್ಚು ಕಲಸಿದಳು.

ಬಿಳಿ ಹುಂಜಗಳನ್ನು ಹಂಚುವ ದಿನ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಬಂದೇನವಾಜ ತಲೆಗೆ ಹೊಸ ಪಟಕಾ ಸುತ್ತಿದ್ದ. ರಾವಸಾಬ ಹೊರಸಿನ ಮೇಲೆ ಕೂತಿದ್ದ. ಹಂಚುವುದು ಸುರುವಾಗುವ ಮುಂಚೆಯೇ ದವಾಖಾನೆಯ ಲಸಿಕೆಯವನು ಕಾಳಪ್ಪ, ಸೈಕಲ್ಲಿನ ಹ್ಯಾಂಡಲ್ಲಿಗೆ ಬರ್ಫದ ಥರ್ಮಾಸು ತೂಗುಹಾಕಿಕೊಂಡು, ಬೆವರು ಒರೆಸುತ್ತ ಬಂದ.

"ಸಿಂದಗಿ ಕಡೆ ಕೋಳಿಬ್ಯಾನಿ ಬಿದ್ದೈತಿ," ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿದ. "ಕುತ್ತಿಗಿ ತಿರುವಿ, ಹಸರ ಹೇತು, ಎರಡ ದಿನದಾಗ ಸಾಯತಾವ. ಇಂಡಿ ಸಂತ್ಯಾಗೂ ಕಂಡೈತಿ, ಇಲ್ಲಿಗೆ ಬರೂದೇನು ದೂರಿಲ್ಲ. ಮನ್ಯಾಗ ಎಷ್ಟ ಕೋಳಿ ಅದಾವ ಅಷ್ಟೂ ತರ್ರಿ, ಸೂಜಿ ಹಾಕತೇನಿ. ಆದ್ರ ಲಗೂ. ಬರ್ಫ ಕರಗಿದ್ರ ಔಷಧ ನೀರಿದ್ದಂಗ. ಮತ್ತ ಎಂದ ಬರತೇನೋ ಗೊತ್ತಿಲ್ಲ."

ಮೊದಲು ಶೆಡ್ಡಿನ ಬಿಳಿಯವಕ್ಕೆ ಹಾಕಿದ. ಜನ ಓಡಿ ಹೋಗಿ ಕಂಕುಳಲ್ಲಿ, ಬುಟ್ಟಿಯಲ್ಲಿ ತಂತಮ್ಮ ಹೇಂಟೆಗಳನ್ನು ತಂದರು. ಕೊನೆಗೆ ಹಳ್ಳದಾಚೆಯವರು ಬಂದು ಗೋಡೆಯ ಹೊರಗೆ ನಿಂತರು. ಶೆಟ್ಟೆವ್ವನ ಕೈಯಲ್ಲಿ ಎರಡು ಬೋಳಕೊರಳ ಹೇಂಟೆಗಳಿದ್ದವು. ಅವಳು ಗೋಡೆಯ ಮೇಲಿಂದ ಅಬಿದಾಳನ್ನು ನೋಡಿದಳು. ಹುಂಜ ಮನೆಯಲ್ಲೇ ಬುಟ್ಟಿಯಡಿ ಇತ್ತು.

ಅಬಿದಾ ಚಹಾದ ಕಿಟಲಿ ಹಿಡಿದು ನಿಂತಿದ್ದಳು. ಗಂಡ ರಾವಸಾಬನ ಪಕ್ಕದಲ್ಲಿ ಕೂತು ನಗುತ್ತಿದ್ದ. ಮದುವೆಯಾದಾಗಿನಿಂದ ಅವಳು ಅವನ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ. ಹುಂಜವನ್ನು ಇಲ್ಲಿಗೆ ತಂದರೆ ಆ ನಗು ಊರ ಮುಂದೆ ಒಡೆದು ಬೀಳುತ್ತದೆ. ತರದಿದ್ದರೆ ಬೇನೆ ಬಂದ ದಿನ ಅದು ಬುಟ್ಟಿಯಡಿಯಲ್ಲೇ ಕುತ್ತಿಗೆ ತಿರುವುತ್ತದೆ. ಕಾಳಪ್ಪ ಥರ್ಮಾಸು ಅಲುಗಿಸಿ ಒಳಗೆ ಇಣುಕಿದ. ಅವಳು ಕಿಟಲಿಯನ್ನು ನೆಲಕ್ಕಿಟ್ಟಳು.

"ಎಲ್ಲಿಗೆ?" ಎಂದ ಬಂದೇನವಾಜ. ಅವಳಾಗಲೇ ಹಳ್ಳದ ಹಾದಿ ಹಿಡಿದಿದ್ದಳು.

ಬರುವಾಗ ಅವಳು ಅದನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಡುಬೀದಿಯಲ್ಲಿ ಬಂದಳು. ಬಯಲ ಗಾಳಿ ತಾಗಿತೋ, ಕೊರಳಿಗೆ ಜಾಗ ಸಿಕ್ಕಿತೋ, ಮನೆಯ ತಿರುವಿನಲ್ಲಿ ಹುಂಜ ಅವಳ ಕೈಯಲ್ಲೇ ಎದ್ದು ನಿಂತಂತೆ ಮಾಡಿ, ಬೋಳ ಕೊರಳು ನಿಗುರಿಸಿ ಕೂಗಿತು. ಎಷ್ಟೋ ತಿಂಗಳಿಂದ ಊರು ಕೇಳದ ಕೂಗು. ಅಂಗಳದ ತಲೆಗಳೆಲ್ಲ ಒಟ್ಟಿಗೆ ಈ ಕಡೆ ತಿರುಗಿದವು.

ಅವಳು ಹೋಗಿ ಕಾಳಪ್ಪನ ಮುಂದೆ ಕೂತಳು. "ಇದಕ್ಕೊಂದ ಹಾಕ್ರಿ."

"ಯಾರದಿದು?" ಎಂದ ರಾವಸಾಬ, ಹೊರಸಿನಿಂದ ಎದ್ದು.

"ನಂದ್ರಿ."

ಪರಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. "ನನ್ನ ಕೆಂಪ ಹುಂಜ ಕೊಯ್ಯಿಸಿದಿ, ಬಂದೇನವಾಜ. ಕೈ ಮುಗದು ಕೇಳಿದಿ, ಊರ ಸಲುವಾಗಿ ಅಂದಿ. ನಿನ್ನ ಹೆಂಡ್ತಿ ತನ್ನ ಹುಂಜ ಬಚ್ಚಿಟ್ಟಾಳ! ನಾವೆಲ್ಲಾ ಏನ ಹುಚ್ಚರಾ?"

ಬಂದೇನವಾಜ ಹೊರಸಿನಿಂದ ಎದ್ದ. ತನಗೂ ಗೊತ್ತಿರಲಿಲ್ಲ ಎಂದು ಹೇಳಿದ್ದರೆ ಯಾರು ನಂಬುತ್ತಿದ್ದರು? ಅವನು ಹೆಂಡತಿಯನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಇದೇನು ಮಾಡಿದಿ ಎಂಬ ದಿಗಿಲು ಇತ್ತು.

"ಜಗಳ ಆಮ್ಯಾಲ ಮಾಡ್ಕೋರಿ," ಎಂದ ಕಾಳಪ್ಪ. "ಬರ್ಫ ಕರಗಾಕತ್ತೈತಿ." ಅವನು ಹುಂಜದ ತೊಡೆಗೆ ಸೂಜಿ ಚುಚ್ಚಿ, ಮುಂದಿನವರನ್ನು ಕರೆದ.

ರಾವಸಾಬ ಗಂಟಲು ಸರಿಪಡಿಸಿಕೊಂಡ. "ಸೂಜಿ ಹಾಕಿದ್ದಾತು. ಆದ್ರ ತಂಗೀ, ಇದನ್ನ ಊರೊಳಗ ಇಡಾಕ ಬರಂಗಿಲ್ಲ. ಕಾಯ್ದೆ ಅಂದ್ರ ಎಲ್ಲಾರಿಗೂ ಒಂದ. ಇವತ್ತ ಕೊಯ್ಯಬೇಕು, ಇಲ್ಲಾ ಊರ ಹೊರಗ ಕಳಿಸಬೇಕು."

ಆಗ ಗೋಡೆಯ ಹೊರಗಿನಿಂದ ಭೀಮಶ್ಯಾ ಮಾತಾಡಿದ. ಅವನು ಸಾಮಾನ್ಯವಾಗಿ ಆ ಅಂಗಳದ ಹತ್ತಿರ ದನಿ ಎತ್ತುವವನಲ್ಲ.

"ಅದು ಊರೊಳಗ ಎಲ್ಲೈತ್ರಿ, ಸಾಹೇಬ್ರ? ನಮ್ಮ ಮನ್ಯಾಗ ಐತಿ. ಬಾವಿ ಬಂದಾಗ ನೀವು ಊರ ಹೊರಗಿನವ್ರು ಅಂದ್ರಿ. ದೀಪದ ಕಂಬ ಬಂದಾಗ ಹಳ್ಳದಾಚಿ ಊರಲ್ಲ ಅಂದ್ರಿ. ಇವತ್ತ ಒಂದ ಹುಂಜದ ಸಲುವಾಗಿ ನಾವು ಊರೊಳಗ ಬಂದಿವೇನ್ರಿ?"

ಶೆಡ್ಡಿನೊಳಗೆ ಬಿಳಿ ಕೋಳಿಗಳು ಕೊಕ್ಕೊಕ್ ಎನ್ನುವುದು ಕೇಳುತ್ತಿತ್ತು. ಪರಪ್ಪ ನೆಲ ನೋಡಿದ. ರಾವಸಾಬ ಸೈಕಲ್ಲಿನ ಕಡೆ, ಕಾಳಪ್ಪನ ಕಡೆ, ಎಲ್ಲರ ಕಡೆಯೂ ನೋಡಿ, ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ: "ಹಂಗಾದ್ರ ಅಲ್ಲೇ ಇರ್ಲಿ. ಹಳ್ಳ ದಾಟಿ ಈ ಕಡೆ ಬರಬಾರ್ದು, ಅಷ್ಟ."

ಅಬಿದಾ ಎದ್ದು ಗೋಡೆಯ ಹತ್ತಿರ ಹೋದಳು. ಹುಂಜವನ್ನು ಶೆಟ್ಟೆವ್ವನ ಕೈಗೆ ಕೊಟ್ಟಳು. ಆಗ ಸೂಜಿ ತೊಳೆಯುತ್ತಿದ್ದ ಕಾಳಪ್ಪ, ಏನೋ ನೆನಪಾದವನಂತೆ ಹೇಳಿದ:

"ಇನ್ನೊಂದ ಮಾತ. ಈ ಬ್ಯಾನಿ ಕಾಲಿನ ಮಣ್ಣಿಗೆ ಹತ್ತಿ ಬರತೈತಿ, ಸೀರಿಗೆ ಹತ್ತಿ ಬರತೈತಿ. ಸೂಜಿ ಹಾಕಿದ್ದು ಎಷ್ಟ ಹಿಡೀತೈತೋ ದೇವರಿಗೇ ಗೊತ್ತು. ಹೊರಗಿನ ಕೋಳಿ ಮುಟ್ಟಿದವ್ರು ಈ ಶೆಡ್ಡಿನ್ಯಾಗ ಕಾಲ ಇಡಬಾರ್ದು. ಯಾರ ಶೆಡ್ಡ ನೋಡ್ಕೋತಾರೋ ಅವ್ರು ಶೆಡ್ಡಷ್ಟ ನೋಡ್ಕೋಬೇಕು. ಬ್ಯಾನಿ ಬಂದಾಗೆಲ್ಲ ಎಲ್ಲಾ ಊರಾಗೂ ಇದನ್ನ ಹೇಳತೇವಿ."

ಬಂದೇನವಾಜ ಅಷ್ಟು ಹೊತ್ತಿನ ಮೇಲೆ ಮೊದಲ ಮಾತು ಆಡಿದ. ಊರ ಮುಂದೆ, ಯಾರನ್ನೂ ನೋಡದೆ. "ನನ್ನ ಹೆಂಡ್ತಿ ಇನ್ನ ಹಳ್ಳ ದಾಟಂಗಿಲ್ಲ."

ಸಂಜೆ ಜನ ಚೆದುರಿದ ಮೇಲೆ ಅವನು ಪಟಕಾ ಬಿಚ್ಚಿ ಮೊಳೆಗೆ ಹಾಕಿ, ಒಲೆಯ ಮುಂದೆ ಬಂದು ಕೂತ. ಹೊಡೆಯುತ್ತಾನೆ, ಬೈಯುತ್ತಾನೆ ಎಂದು ಅಬಿದಾ ಕಾಯುತ್ತಿದ್ದಳು. ಅವನು ಎರಡೂ ಮಾಡಲಿಲ್ಲ.

"ನಾ ಶೆಡ್ಡ ಬಿಡತೇನಿ," ಎಂದಳು ಅವಳೇ. "ನನ್ನ ಕೈಲೆ ಆಗಂಗಿಲ್ಲ."

"ಬಿಡು. ನಾಳಿ ಇಂಡಿಗೆ ಹೋಗಿ ಕೋಳಿ ಒಯ್ರಿ ಅಂತ ಹೇಳಿ ಬರತೇನಿ." ಅವನು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದರುತ್ತಿದ್ದ. "ಆಮ್ಯಾಲ ನಾ ಈ ಊರಾಗ ಹ್ಯಾಂಗ ತಿರಗಾಡ್ಲಿ, ಅದನ್ನೂ ಹೇಳು. ಅವ್ರ ಹುಂಜ ಕೊಯ್ಯಿಸಿದವ ನಾ. ಶೆಡ್ಡೂ ಹೋತಂದ್ರ ನನಗ ಇಲ್ಲಿ ಮುಖ ಐತೇನು?"

ಅವಳು ಉತ್ತರ ಹುಡುಕಿದಳು. ಅವನು ಕೂಗಾಡಿದ್ದರೆ ಸಿಗುತ್ತಿತ್ತೇನೋ. ಕಟ್ಟೆಯ ಕೆಳಗೆ ನಿಂತು ನಿಂತು ಸಾಕಾದ ಮನುಷ್ಯ ಅವಳ ಮುಂದೆ ಕೂತಿದ್ದ. ಅವನನ್ನು ಮತ್ತೆ ಅಲ್ಲಿಗೆ ಇಳಿಸುವ ಮಾತು ಅವಳ ಬಾಯಿಗೆ ಬರಲಿಲ್ಲ. ಒಳಗೆ ನೀರಿನ ತಟ್ಟೆ ಬರಿದಾಗಿ ಬಿಳಿ ಕೋಳಿಗಳು ಗಲಾಟೆ ಮಾಡುತ್ತಿದ್ದವು. ಅವಳು ಎದ್ದು ಕೊಡ ತೆಗೆದುಕೊಂಡಳು. ಅದೇ ಅವಳ ಉತ್ತರವಾಯಿತು.

ಬೇನೆ ಬಂತು. ಕೆಲವು ಮನೆಗಳಲ್ಲಿ ಸೂಜಿ ತಪ್ಪಿಸಿಕೊಂಡ ಕೋಳಿಗಳೆಲ್ಲ ಸತ್ತವು. ಶೆಡ್ಡಿನವು ಉಳಿದವು, ಹಳ್ಳದಾಚೆಯವೂ ಉಳಿದವು. ಮನೆಮನೆಗೆ ಹೋದ ಬಿಳಿ ಹುಂಜಗಳಲ್ಲಿ ಕೆಲವನ್ನು ನಾಯಿ ಹಿಡಿಯಿತು, ಕೆಲವು ಚೆನ್ನಾಗಿಯೇ ಬೆಳೆದವು. ತತ್ತಿ ಹೆಚ್ಚಾದದ್ದೂ ನಿಜ. ರಾವಸಾಬ ಅಂಗಳದ ಉಳಿದರ್ಧಕ್ಕೂ ಜಾಳಿಗೆ ಹೊಡೆಸಿ ಇನ್ನೊಂದು ಶೆಡ್ಡು ಮಾಡಿಸಿಕೊಟ್ಟ. ಬಂದೇನವಾಜ ಮತ್ತೆ ಕಟ್ಟೆಯ ಮೇಲೆ ಕೂಡತೊಡಗಿದ. ಹೊಸ್ತಿಲ ಹೊರಗೆ ಅವನೇ ದಿನಾ ಸುಣ್ಣ ಚೆಲ್ಲುತ್ತಿದ್ದ. ಅಬಿದಾ ಅದನ್ನು ದಾಟಿದರೆ ಕಾಲು ತೊಳೆದು, ಸೀರೆ ಬದಲಿಸಿ ಒಳಗೆ ಬರಬೇಕು. ದಾಟುವುದೇ ಕಡಿಮೆಯಾಯಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಶೆಟ್ಟೆವ್ವ ಬಂದು ಗೋಡೆಯಾಚೆ ದೂರ ನಿಂತು ಕೂಗಿದಳು. "ಅಬಿದಾ! ಎರಡೂ ಹೇಂಟಿ ಮರಿ ಎಬ್ಬಿಸ್ಯಾವ. ಒಂದ ತತ್ತಿನೂ ಕೆಟ್ಟಿಲ್ಲ!"

ಅಬಿದಾ ಕೈಯಲ್ಲಿಯ ಹೊಟ್ಟಿನ ಬುಟ್ಟಿ ಹಾಗೇ ಹಿಡಿದು ಗೋಡೆಗೆ ಬಂದಳು. "ಕೊರಳ?"

"ಮುಕ್ಕಾಲ ಪಾಲ ಬೋಳ ಅದಾವ. ಉಳಿದದ್ದಕ್ಕ ಪುಕ್ಕ ಐತಿ."

"ಪುಕ್ಕದ್ದೂ ಇರ್ಲಿ, ಬೋಳ ಹುಂಜ ಕೂಡಿಸಿದ್ರ ಅದರ ಹೊಟ್ಟ್ಯಾಗ ಮತ್ತ ಬೋಳ ಹುಟ್ಟತಾವ. ಇಲ್ಲಿ ಕೇಳು. ಎಲ್ಲಾ ನಿನ್ನ ಕಡೆ ಇಟ್ಕೋಬ್ಯಾಡ, ಬ್ಯಾನಿ ಬಂದ್ರ ಎಲ್ಲಾ ಒಮ್ಮೆಲೆ ಹೋಗತಾವ. ನಿಮ್ಮ ಕೇರ್ಯಾಗ ಗುಂಡವ್ವಗ ಎರಡ ಕೊಡು, ಆಕಿ ಕೈ ಚಲೋ ಐತಿ. ಒಂದ ಹೇಂಟಿ ಮರಿ ಅಣ್ಣ ತಂಗಿ ಕೂಡಸಬ್ಯಾಡ, ಆಕಿ ಮನಿ ಹುಂಜ ನಿನ್ನ ಹೇಂಟಿಗೆ, ನಿನ್ನದು ಆಕಿಗೆ. ಬಾಗೇವಾಡಿಗೆ ನಿನ್ನ ಮಗಳ ಮನಿಗೆ ಹೋದ್ರ ಅಲ್ಲೂ ಒಂದ ಜೋಡಿ ಒಯ್ಯಿ."

"ಪರಪ್ಪನೂ ಬಂದಿದ್ದ," ಎಂದಳು ಶೆಟ್ಟೆವ್ವ. "ಹಳ್ಳದ ದಂಡಿಗೆ ನಿಂತು ಒಂದ ಹೊತ್ತ ನೋಡಿದ. ಕೇಳಲಿಲ್ಲ. ಕೇಳತಾನ, ಇವತ್ತಿಲ್ಲ ನಾಳಿ."

"ಕೇಳಿದ್ರ ಕೊಡು."

"ಒಂದ ಮರಿ ತಂದ ಗ್ವಾಡಿ ಹೊರಗಿಂದ ತೋರಸ್ಲೇನು?"

ಅಬಿದಾ ಹಿಂದೆ ತಿರುಗಿ ಶೆಡ್ಡುಗಳನ್ನು ನೋಡಿದಳು. ಬಹಳ ಆಸೆಯಾಯಿತು. "ಬ್ಯಾಡ," ಎಂದಳು.

ಶೆಟ್ಟೆವ್ವ ಹೋದ ಮೇಲೆ ಅವಳು ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿದಳು. ಅಲ್ಲಿಂದ ಹಳ್ಳದ ಜಾಲಿಗಿಡಗಳು, ಅದರಾಚೆ ಕೇರಿಯ ಮಣ್ಣಿನ ಗೋಡೆಗಳು, ಒಂದು ತಿಪ್ಪೆ ಕಾಣುತ್ತಿದ್ದವು. ತಿಪ್ಪೆಯ ಮೇಲೆ ಒಂದು ಕಪ್ಪು ಚುಕ್ಕೆ ಆಡುತ್ತಿತ್ತು. ಅದರ ಸುತ್ತ ಇನ್ನೂ ಸಣ್ಣವು ಒಮ್ಮೆ ಚೆಲ್ಲಾಪಿಲ್ಲಿಯಾಗಿ ಒಮ್ಮೆ ಕೂಡಿ ಓಡಾಡುತ್ತಿದ್ದವು. ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಅವಳು ಬಹಳ ಹೊತ್ತು ನೋಡಿದಳು. ಅಷ್ಟು ದೂರದಿಂದ ಯಾವುದಕ್ಕೆ ಬೋಳಕೊರಳು, ಯಾವುದಕ್ಕೆ ಪುಕ್ಕ ಎಂದು ತಿಳಿಯುತ್ತಿರಲಿಲ್ಲ.

"ಅಬಿದಾ, ನೀರ ಮುಗದೈತಿ!" ಎಂದು ಕೆಳಗಿನಿಂದ ಬಂದೇನವಾಜ ಕರೆದ.

"ಬಂದೆ," ಎಂದಳು. ಇನ್ನೊಂದು ಗಳಿಗೆ ನಿಂತು, ಆಮೇಲೆ ಇಳಿದಳು.